ಮಗುವನ್ನು ಎಬ್ಬಿಸಿ, ಹೇಳಿ ಹೋಗಿ

ಮಾನ್ಯರೇ,

ದೇವದುರ್ಗದಲ್ಲಿ ಬಸ್ ನಿಲ್ದಾಣದ ಹತ್ತಿರ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ದುಡಿಯಲು ಊರು ಬಿಟ್ಟು ಗುಳೆ ಹೋಗುವುದು ಶುರುವಾದರೆ ರಾತ್ರಿ ಬೆಂಗಳೂರು ಬಸ್ಸಿಗೆ ಕಾಯುವವರಿಂದ ಅಂಗಡಿ ಕಟ್ಟೆ ತುಂಬಿರುತ್ತದೆ. ಪಾತ್ರೆ ಚೀಲ, ಜೋಳದ ಹಿಟ್ಟಿನ ಗಂಟು, ಕೌದಿ. ಕಳಿಸಲು ಬಂದ ಅಜ್ಜಿಯರ ಹೆಗಲ ಮೇಲೆ ನಿದ್ದೆ ಹೋದ ಮಕ್ಕಳು. ಆ ನಿದ್ದೆಯ ಬಗ್ಗೆಯೇ ಈ ಪತ್ರ.

1991ರಲ್ಲಿ ನನಗೆ ಐದು ವರ್ಷ. ಒಂದು ರಾತ್ರಿ ಅವ್ವ ಬಿಸಿ ರೊಟ್ಟಿಗೆ ಬೆಲ್ಲ, ತುಪ್ಪ ಹಚ್ಚಿ ತಿನ್ನಿಸಿದಳು. ತುಪ್ಪ ನಮ್ಮ ಮನೆಯಲ್ಲಿ ಹಬ್ಬಕ್ಕೆ ಮಾತ್ರ. ಬೆಳಿಗ್ಗೆ ಎದ್ದರೆ ಕೌದಿಯೊಳಗೆ ನಾನೊಬ್ಬನೇ. 'ಹೊಲಕ್ಕ ಹೋಗ್ಯಾರ, ಸಂಜಿಗೆ ಬರ್ತಾರ' ಅಂದಳು ಅಜ್ಜಿ. ಕತ್ತಲಾಗುವ ತನಕ ಕಟ್ಟೆ ಬಿಟ್ಟು ಕದಲಲಿಲ್ಲ. ಗುಳೆ ಹೋಗಿದ್ದ ಅಪ್ಪ, ಅವ್ವ ಬಂದದ್ದು ಯುಗಾದಿಗೆ. ಅವ್ವ ಕೈ ಚಾಚಿದರೆ ನಾನು ಅಜ್ಜಿಯ ಸೀರೆ ಹಿಂದೆ ಸರಿದು, ಅಂಗಳದ ಕೋಳಿ ನೋಡುತ್ತಾ ನಿಂತೆನಂತೆ. 'ಮರತೇಬಿಟ್ಟಾನ' ಎಂದು ಎಲ್ಲರೂ ನಕ್ಕರು. ಮರೆತಿರಲಿಲ್ಲ.

ಮೂರು ವರ್ಷದ ಹಿಂದೆ ರಾಯಚೂರಿನ ಆಪ್ತ ಸಮಾಲೋಚಕರೊಬ್ಬರು ಇದನ್ನು ಬಿಡಿಸಿ ಹೇಳಿದರು. ಕೂಗಿದರೆ ಯಾರಾದರೂ ಬರುತ್ತಾರೋ ಇಲ್ಲವೋ ಎಂಬ ಲೆಕ್ಕವನ್ನು ಮಗು ಚಿಕ್ಕಂದಿನಲ್ಲೇ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತದೆ ಎಂದವರು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ. ಮೇರಿ ಏನ್ಸ್‌ವರ್ತ್ ಎಂಬ ಮನೋವಿಜ್ಞಾನಿ ಒಂದು ವರ್ಷದ ಆಸುಪಾಸಿನ ಮಕ್ಕಳನ್ನು ತಾಯಿಯಿಂದ ಕೆಲವೇ ನಿಮಿಷ ದೂರ ಇಟ್ಟು ನೋಡಿದರು. ಅಳುವುದಕ್ಕಿಂತ ಜಾಸ್ತಿ ಅವರು ಗಮನಿಸಿದ್ದು, ತಾಯಿ ವಾಪಸ್ ಬಂದಾಗ ಮಗು ಏನು ಮಾಡುತ್ತದೆ ಎಂಬುದನ್ನು. ಕೆಲವು ಅಪ್ಪಿಕೊಂಡು ಸಮಾಧಾನವಾಗುತ್ತವೆ. ಕೆಲವು ಅಪ್ಪಿಕೊಂಡರೂ ಸಿಟ್ಟು ಬಿಡುವುದಿಲ್ಲ. ಕೆಲವು ಮುಖ ತಿರುಗಿಸಿ ಆಟಿಕೆ ನೋಡುತ್ತವೆ. ನನಗೆ ಕೋಳಿ ನೆನಪಾಯಿತು. 1987ರಲ್ಲಿ ಸಿಂಡಿ ಹೇಜನ್, ಫಿಲಿಪ್ ಶೇವರ್ ಎಂಬ ಅಮೆರಿಕದ ಸಂಶೋಧಕರು ಈ ಮೂರು ಬಗೆ ದೊಡ್ಡವರ ಪ್ರೀತಿಯಲ್ಲೂ ಕಾಣುತ್ತವೆ ಎಂದು ಬರೆದರಂತೆ.

ಮನೆಯಾಕೆಗೆ ಇದನ್ನು ಹೇಳಿದೆ. 'ಅದಕ್ಕ ಅಮೆರಿಕಾ ಯಾಕ ಬೇಕಿತ್ರಿ, ನನ್ನ ಕೇಳಿದ್ರ ಹೇಳ್ತಿದ್ದೆ' ಎಂದಳು. ಮದುವೆಯ ಹೊಸದರಲ್ಲಿ ಆಕೆ ಪಂಚಮಿಗೆ ತವರಿಗೆ ಹೋಗಿ ಬಂದರೆ ನಾನು ಎರಡು ದಿನ ಮಾತಾಡುತ್ತಿರಲಿಲ್ಲ. ಸುಮ್ನೆ ಯಾವುದೋ ಸುಟ್ಟ ಮೋಟಾರ್ ಬಿಚ್ಚುತ್ತಾ ಕೂರುತ್ತಿದ್ದೆ. ಆಕೆ ಜಗಳ ತೆಗೆಯಲಿಲ್ಲ. ಹೋಗುವ ಮುಂಚೆ ಬರುವ ದಿನ, ಬರುವ ಬಸ್ಸು ಎರಡನ್ನೂ ಹೇಳುತ್ತಿದ್ದಳು. ಹೇಳಿದ ದಿನವೇ ಬರುತ್ತಿದ್ದಳು. ಒಮ್ಮೆ ದಾರಿಯಲ್ಲಿ ಬಸ್ ಕೆಟ್ಟಾಗ ಕಂಡಕ್ಟರ್ ಫೋನಿನಿಂದ ತಿಳಿಸಿದ್ದಳು. ಹೀಗೇ ಹನ್ನೆರಡು ವರ್ಷ. ಆಕೆ ಫೋನ್ ಎತ್ತದಿದ್ದರೆ ಈಗಲೂ ನನ್ನ ಎದೆ ಡವಗುಟ್ಟುತ್ತದೆ. ಆದರೆ ಬಂದ ದಿನ ಚಹಾ ಇಡುವವನು ನಾನೇ.

ಗುಳೆ ಹೋಗಬೇಡಿ ಎನ್ನಲು ನಾನ್ಯಾರು? ಅಪ್ಪ, ಅವ್ವ ಇಟ್ಟಿಗೆ ಹೊತ್ತ ದುಡ್ಡಿನಲ್ಲೇ ನಾನು ಐಟಿಐ ಮುಗಿಸಿದ್ದು. ಗುಳೆ ಹೋದವರ ಮಕ್ಕಳಿಗಾಗಿ ತೆರೆಯುವ ಹಂಗಾಮಿ ವಸತಿ ಶಾಲೆಗಳು ಬಸ್ ಹೊರಡುವ ಮೊದಲೇ ಶುರುವಾಗಲಿ. ವಾರಕ್ಕೊಮ್ಮೆ, ಗೊತ್ತು ಮಾಡಿದ ಹೊತ್ತಿಗೆ, ಅಪ್ಪ ಅವ್ವನ ಜೊತೆ ಫೋನಿನಲ್ಲಿ ಮಾತಾಡಿಸಲಿ. ಇದಕ್ಕೇನು ಜಾಸ್ತಿ ಖರ್ಚಿಲ್ಲ, ಅಲ್ವಾ? ಅದಕ್ಕಿಂತ ಮೊದಲು, ಹೆತ್ತವರು ಮಗುವಿಗೆ ಹೇಳಿ ಹೋಗಲಿ. ಅಳುತ್ತದೆ. ಅಳಲಿ.

ಹೋದ ವಾರ ಒಬ್ಬ ತಾಯಿಗೆ ಇದನ್ನೇ ಹೇಳಿದೆ. ಆಕೆ ಮಗನನ್ನು ಎಬ್ಬಿಸಿ, 'ಉಗಾದಿಗೆ ಬರ್ತೀನಪ' ಎಂದು ಅವನ ಬೆರಳು ಒಂದೊಂದೇ ಮಡಿಚಿ ತಿಂಗಳು ಎಣಿಸಿದಳು. ಹುಡುಗ ಊರಿಗೇ ಕೇಳುವಂತೆ ಅತ್ತ. ಬಸ್ ಹೋದ ಮೇಲೆ ಅವನ ಅಜ್ಜಿ ನನಗೆ ಬೈದದ್ದು ಅಷ್ಟಿಷ್ಟಲ್ಲ. ಹುಡುಗ ಮಾತ್ರ ಆ ಬೆರಳುಗಳನ್ನು ಮಡಿಚಿದ ಹಾಗೇ ಹಿಡಿದುಕೊಂಡು ಮನೆಗೆ ಹೋದ.

ಒಬ್ಬ ಓದುಗ, ದೇವದುರ್ಗ, ರಾಯಚೂರು ಜಿಲ್ಲೆ