ಆರ್ಡರ್ ಬುಕ್ಕಿನ ಹಾಳೆ

ಗದಗ, ಭಾನುವಾರ ರಾತ್ರಿ

ಮಗಳಿಗೆ ಅಪ್ಪನ ಆಶೀರ್ವಾದ.

ಒಂದೇ ಮನೆಯಲ್ಲಿದ್ದು ಪತ್ರವೇನು ಎಂದು ನಗಬೇಡ. ಎದುರಿಗೆ ಕೂತರೆ ಮೊದಲು ನಾನು ದನಿ ಏರಿಸುತ್ತೇನೆ, ಆಮೇಲೆ ನೀನು. ನಿನ್ನೆ ಪ್ರೆಸ್ಸಿನಲ್ಲಿ ಪ್ರೂಫಿನ ತಪ್ಪಿಗೆ ನೀನು ನಮ್ಮ ಹಳೆಯ ಕೆಲಸಗಾರ ಕಾಕಾನನ್ನು ಬೈದದ್ದು ಇಬ್ಬರಿಗೂ ಗೊತ್ತು. ಅವನು ಊಟದ ಡಬ್ಬಿಯನ್ನೂ ಬಿಚ್ಚದೆ ಹೊರಟುಹೋದ.

1994ರ ವೈಶಾಖ. ಆಗ ನಮ್ಮಲ್ಲಿ ಟ್ರೆಡಲ್ ಮಷೀನು, ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಬೇಕು. ಕಾಕಾ ಬಂದು ಮೂರು ವರ್ಷವಾಗಿತ್ತು. ಸೀಸದ ಮೊಳೆಯ ಮೇಲೆ ಅಕ್ಷರ ಕನ್ನಡಿಯೊಳಗಿನ ಹಾಗೆ ತಿರುವುಮುರುವು ಇರುತ್ತದೆ. ಅವನು ಅದನ್ನು ಪೇಪರ್ ಓದಿದಷ್ಟೇ ಸಲೀಸಾಗಿ ಓದುತ್ತಿದ್ದ. ಒಂದು ಲಗ್ನಪತ್ರಿಕೆಯಲ್ಲಿ 21ನೇ ತಾರೀಖು 12 ಆಗಿ 500 ಪ್ರತಿ ಅಚ್ಚಾದವು. "ಉಲ್ಟಾ ಜೋಡಿಸೀಯಲ್ಲೋ" ಎಂದು ಗಿರಾಕಿಯ ಮುಂದೆಯೇ ಬೈದೆ. ಮೊಳೆಯ ಕೆಲಸ ನೋಡು, ಅವನೂ ಹೌದೇನೋ ಅಂದುಕೊಂಡ. ಹತ್ತು ತಿಂಗಳು, ತಿಂಗಳಿಗೆ 50 ರೂಪಾಯಿಯಂತೆ ಪಗಾರದಲ್ಲಿ ಮುರಿದುಕೊಂಡೆ.

ದೀಪಾವಳಿಗೆ ಲೆಕ್ಕದ ಪುಸ್ತಕ ಪೂಜೆಗೆ ಇಡುವಾಗ ಆರ್ಡರ್ ಬುಕ್ಕು ತೆರೆದೆ. 12 ಎಂದು ಬರೆದವನು ನಾನೇ. ಹಾಳೆ ಹರಿದು ಜೇಬಿಗಿಟ್ಟೆ. ಇನ್ನೂ ನಾಲ್ಕು ಕಂತು ಬಾಕಿ ಇದ್ದವು. ಅವನ್ನೂ ಮುರಿದೆ, ನಿಲ್ಲಿಸಿದರೆ ಯಾಕೆಂದು ಹೇಳಬೇಕಾಗುತ್ತಿತ್ತಲ್ಲ.

ಇವತ್ತಿಗೂ ಪ್ರೂಫಿನಲ್ಲಿ ತಾರೀಖು ಬಂದಲ್ಲಿ ಅವನು ಬೆರಳಿಟ್ಟು ಎರಡು ಸಲ ಓದುತ್ತಾನೆ. "ಭಾಳ ಸ್ಲೋ" ಎಂದು ನೀನು ಅನ್ನುವುದು ಅದಕ್ಕೇ. ನಿನ್ನೆಯ ಪ್ರೂಫು ಅವನ ಕೈಗೇ ಹೋಗಿರಲಿಲ್ಲ. ನಿನ್ನ ತಮ್ಮ ವಾಟ್ಸ್‌ಆ್ಯಪಿನಲ್ಲೇ ಓಕೆ ಅಂದಿದ್ದ. ಅವನಿಗೆ ಒಂದು ಮಾತು ಅನ್ನಲಿಲ್ಲ ನೀನು. ಯಾರಿಂದ ಕಲಿತೆ ಎಂದು ಕೇಳುವ ಬಾಯಿ ನನಗಿಲ್ಲ.

ಆದರೂ ಹೇಳುತ್ತೇನೆ. ತಮ್ಮನ ಹೆಸರೂ ಹಾಜರಿ ಪುಸ್ತಕದಲ್ಲಿರಲಿ. ಬೈಯುವುದಿದ್ದರೆ ಬಾಗಿಲು ಹಾಕಿಕೊಂಡು ಬೈ. ಕೈಗಡ ಕೊಟ್ಟರೆ ಬರೆದಿಡು. ನೋಡು, ಉಪದೇಶ ಶುರುವಾಯಿತು. ಪಿಎಫ್, ಇಎಸ್‌ಐ ಮಾಡಿಸಿದವಳು ನೀನು. ನಾನು "ನಮ್ಮ ಮನಿ ಮಂದಿ" ಎನ್ನುತ್ತಲೇ ಅಷ್ಟು ವರ್ಷ ಅದನ್ನು ತಪ್ಪಿಸಿದೆ. ನನ್ನ ಮಗಳು ಮಾಡಿಸಿದಳು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ, ನಿನಗೆ ಮಾತ್ರ ಹೇಳಿರಲಿಲ್ಲ.

ಕಾಕಾ ಕೆಲಸ ಬಿಟ್ಟರೆ ಕೊಡಬೇಕಾದ ಗ್ರಾಚ್ಯುಟಿ ಲೆಕ್ಕವನ್ನೂ ಹಾಕಿದೆ. ವರ್ಷಕ್ಕೆ 15 ದಿನದ ಪಗಾರ, ತಿಂಗಳಿಗೆ 26 ದಿನ ಹಿಡಿದು. 18,000 ಪಗಾರಕ್ಕೆ 34 ವರ್ಷದ್ದು 3,53,077 ರೂಪಾಯಿ. ಅದು ಅವನ ಹಕ್ಕು, ಎಂದಿದ್ದರೂ ಕೊಡಬೇಕಾದದ್ದೇ. ಆದರೆ ಈಗ ಚೆಕ್ಕು ಬರೆದು ಕಳಿಸಿಬಿಡಬೇಡ.

ಆ ಹಾಳೆ ಇನ್ನೂ ನನ್ನ ಕಪಾಟಿನಲ್ಲಿದೆ. ನಾಳೆ ಅದನ್ನು ತಗೊಂಡು ಬೆಟಗೇರಿಗೆ, ಕಾಕಾನ ಮನೆಗೆ ಹೋಗುತ್ತೇನೆ. ಬರುವುದಾದರೆ ಏಳಕ್ಕೆ ತಯಾರಾಗು. ಸ್ಕೂಟರ್ ನೀನೇ ಓಡಿಸಬೇಕು, ನನಗೆ ಮೊಣಕಾಲು ನೋವು.

ನಿನ್ನ ಅಪ್ಪ