ಕಿಸಾನ್ ಕಂತು ನಿಂತದ್ದೆಲ್ಲಿ?

ಸಂಪಾದಕರೇ,

ಪಿಎಂ ಕಿಸಾನ್‌ನ 2,000 ರೂಪಾಯಿ ಕಂತು ಬಾರದಿದ್ದರೆ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ ಕಡೆಯ ಕೃಷಿಕರು ಮೊದಲು ಕೃಷಿ ಭವನಕ್ಕೆ ಓಡುತ್ತಾರೆ. ಅಲ್ಲಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರಕ್ಕೆ, ತಿರುಗಿ ಕೃಷಿ ಭವನಕ್ಕೆ. ವರ್ಷದ 6,000ದಲ್ಲಿ ಒಂದು ಪಾಲು ಆಟೋ ಬಾಡಿಗೆಗೇ ಹೋಗುತ್ತದೆ. ಹಣ ಎಲ್ಲಿ ಸಿಕ್ಕಿಬಿದ್ದಿದೆ ಎಂಬುದನ್ನು ಯೋಜನೆಯ ಪೋರ್ಟಲ್ ಹೇಳುತ್ತದೆ, ಹೇಳುವ ಭಾಷೆ ಮಾತ್ರ ಕಚೇರಿಯದು.

ನೋಂದಣಿ ಸಂಖ್ಯೆ ಹಾಕಿ ಸ್ಟೇಟಸ್ ತೆರೆದರೆ ಮೂರು ಸಾಲು ಕಾಣುತ್ತವೆ: ಲ್ಯಾಂಡ್ ಸೀಡಿಂಗ್ (ಜಾಗದ ದಾಖಲೆ ಜೋಡಣೆ), ಇ-ಕೆವೈಸಿ (ಆಧಾರ್ ಮೂಲಕ ಗುರುತು ದೃಢೀಕರಣ), ಆಧಾರ್ ಬ್ಯಾಂಕ್ ಸೀಡಿಂಗ್ (ಹಣ ಬೀಳುವ ಖಾತೆಗೆ ಆಧಾರ್ ಜೋಡಣೆ). ಯಾವುದರ ಎದುರು ‘ನೋ’ ಇದೆಯೋ ಅದನ್ನು ಸರಿಪಡಿಸುವ ಕಡೆಗೆ ಹೋದರೆ ಸಾಕು.

ಲ್ಯಾಂಡ್ ಸೀಡಿಂಗ್ ಕೃಷಿ ಭವನದ ಕೆಲಸ. ಈ ವರ್ಷದ ಭೂತೆರಿಗೆ ರಶೀದಿಯ ಜತೆ 2018-19ರದ್ದೂ ಕೈಯಲ್ಲಿರಲಿ, ಏಕೆಂದರೆ 2019ರ ಫೆಬ್ರವರಿ 1ಕ್ಕೆ ಜಾಗ ಯಾರ ಹೆಸರಲ್ಲಿತ್ತು ಎಂಬುದೇ ಲೆಕ್ಕ. ಆಮೇಲೆ ಕ್ರಯಕ್ಕೆ ಕೊಂಡ ಜಾಗಕ್ಕೆ ಹಣವಿಲ್ಲ. ತಂದೆ ತೀರಿಹೋಗಿ ಬಂದ ಜಾಗಕ್ಕೆ ಉಂಟು, ಆದರೆ ಪೋಕುವರವು (ಹಕ್ಕು ಬದಲಾವಣೆಯ ದಾಖಲಾತಿ) ಆಗಿ ತಂಡಪೇರು (ಗ್ರಾಮ ಕಚೇರಿಯ ಭೂಖಾತೆ) ಬದಲಾಗಿರಬೇಕು. ನಮ್ಮಲ್ಲಿ ಇನ್ನೊಂದು ತೊಡಕು: ಜಾಗದ ಹಳೆಯ ಆಧಾರಪತ್ರ ಕನ್ನಡದಲ್ಲಿ, ರಶೀದಿ ಮಲಯಾಳದಲ್ಲಿ, ಆಧಾರ್ ಕಾರ್ಡ್ ಇಂಗ್ಲಿಷಿನಲ್ಲಿ. ಮನೆ ಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಬರೀ ಇನಿಶಿಯಲ್. ಮನುಷ್ಯ ಒಬ್ಬನೇ ಆದರೂ ಹೆಸರು ತಾಳೆಯಾಗುವುದಿಲ್ಲ.

ಹೆಚ್ಚು ಗೊಂದಲ ಬ್ಯಾಂಕಿನದು. ‘ನಿಮ್ಮ ಖಾತೆಗೆ ಆಧಾರ್ ಲಿಂಕ್ ಆಗಿದೆ’ ಎಂದು ಕೌಂಟರಿನಲ್ಲಿ ಹೇಳುವುದು ಸುಳ್ಳಲ್ಲ, ಆದರೆ ಅದು ಕೆವೈಸಿಗೆ ಮಾತ್ರ. ಸಬ್ಸಿಡಿ ಬೀಳುವುದು, ಯಾವ ಆಧಾರ್‌ನ ಹಣ ಯಾವ ಬ್ಯಾಂಕಿಗೆ ಎಂದು ತೋರಿಸುವ ಎನ್‌ಪಿಸಿಐ ಮ್ಯಾಪರ್‌ನಲ್ಲಿರುವ ಬ್ಯಾಂಕಿಗೆ, ಅದೂ ಒಂದು ಆಧಾರ್‌ಗೆ ಒಂದೇ ಬ್ಯಾಂಕು. ಚಿನ್ನದ ಸಾಲಕ್ಕೋ ಗ್ಯಾಸ್ ಸಬ್ಸಿಡಿಗೋ ಬೇರೆ ಕಡೆ ಖಾತೆ ತೆರೆದು, ಒಪ್ಪಿಗೆ ಫಾರ್ಮಿಗೆ ಓದದೆ ಸಹಿ ಹಾಕಿದರೆ ಮ್ಯಾಪಿಂಗ್ ಅತ್ತ ಹೋಗುತ್ತದೆ. ಬಂದಿಲ್ಲವೆಂದು ಗೋಳಾಡುವ ಹಣ ಆ ಮರೆತ ಖಾತೆಯಲ್ಲಿ ತಣ್ಣಗೆ ಕೂತಿರುವುದುಂಟು. ಸೇವಾ ಸಹಕಾರಿ ಬ್ಯಾಂಕಿನ ಪಾಸ್‌ಬುಕ್ ಮಾತ್ರ ಇದ್ದವರಿಗೆ ಸುಲಭದ ದಾರಿ ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕ್: ಖಾತೆ ತೆರೆಯುವಾಗಲೇ ಡಿಬಿಟಿಗೆ (ಸರಕಾರದ ಹಣ ನೇರ ಖಾತೆಗೆ ಬರುವುದಕ್ಕೆ) ಒಪ್ಪಿಗೆ ಕೊಡಬಹುದು.

ಇನ್ನು ಇ-ಕೆವೈಸಿ. ಅಡಿಕೆ ಸುಲಿದು, ತೆಂಗಿನಕಾಯಿ ಸುಲಿದು ಗೆರೆ ಸವೆದ ಬೆರಳನ್ನು ಯಂತ್ರ ಒಪ್ಪುವುದಿಲ್ಲ. ಒರೆಸಿ ಒರೆಸಿ ಒತ್ತಿಸುವುದಕ್ಕಿಂತ, ಆಧಾರ್‌ಗೆ ಮೊಬೈಲ್ ಸೇರಿದ್ದರೆ ಒಟಿಪಿ, ಇಲ್ಲದಿದ್ದರೆ ಪಿಎಂ ಕಿಸಾನ್ ಆ್ಯಪಿನಲ್ಲಿ ಮುಖ ತೋರಿಸುವ ವಿಧಾನ ವಾಸಿ. 2023ರಿಂದ ಇದೆ, ಮನೆಯ ಮಕ್ಕಳ ಫೋನ್ ಸಾಕು. ವಯಸ್ಸಾದವರಿಗೆ ಇದನ್ನು ಹೇಳುವವರಿಲ್ಲ.

ಮೂರೂ ‘ಯೆಸ್’ ಇದ್ದು, ಕಂತಿನ ಎದುರು ‘ಎಫ್‌ಟಿಒ ಜನರೇಟೆಡ್’ ಎಂದಿದ್ದರೆ ಎಲ್ಲಿಗೂ ಹೋಗಬೇಡಿ. ಪಾವತಿ ಆದೇಶ ಹೊರಟಿದೆ, ಕೆಲವು ದಿನ ಕಾಯಿರಿ.

ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸಲು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಅವಕಾಶ ಕೊಟ್ಟಿದೆ. ಹಾಗಿರುವಾಗ ತಡೆಯಾದವರ ಪಟ್ಟಿಯನ್ನು ಪ್ರತಿ ಕಂತಿಗೆ ತಿಂಗಳು ಮುಂಚೆ ವಾರ್ಡುವಾರು ಕನ್ನಡದಲ್ಲಿ ಬೋರ್ಡಿಗೆ ಅಂಟಿಸುವುದು ಕೃಷಿ ಇಲಾಖೆಗೆ ದೊಡ್ಡ ಕೆಲಸವೇನಲ್ಲ. ಆಧಾರ್ ನಂಬರು ಬೇಡ. ಹೆಸರು, ಮನೆ, ಯಾವ ಕಚೇರಿಗೆ ಹೋಗಬೇಕು, ಇಷ್ಟಿದ್ದರೆ ಸಾಕು.

— ಓದುಗ, ಮಂಜೇಶ್ವರ ತಾಲೂಕು