ಶಾಲೆಗೆ ಟಿವಿ ಕೊಡುವ ಮುಂಚೆ ಒತ್ತಕ್ಷರ ಓದಿ ನೋಡಿ

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಟಿವಿ ರಿಪೇರಿ ಮಾಡುವವನು ನಾನು. 2018ರಲ್ಲಿ ಶುರುವಾದ ಕೇರಳದ ಹೈಟೆಕ್ ಶಾಲಾ ಯೋಜನೆಯಲ್ಲಿ 45,000 ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂತು. ನಮ್ಮ ಕಡೆಯ ಕನ್ನಡ ಶಾಲೆಗಳಿಗೆ ಹಳೆ ವಿದ್ಯಾರ್ಥಿಗಳು ದುಡ್ಡು ಕೂಡಿಸಿ ದೊಡ್ಡ ಟಿವಿಯನ್ನೂ ಕೊಡಿಸುತ್ತಿದ್ದಾರೆ. ತುಂಬಾ ಸಂತೋಷ. ಆದರೆ ಆ ಟಿವಿಗಳಲ್ಲಿ ಕನ್ನಡ ಅಕ್ಷರ ಕೆಡುತ್ತಿದೆ. ಅದಕ್ಕೇ ಈ ಪತ್ರ.

ಈಚೆಗೆ ಒಂದು ಶಾಲೆಯ ಟೀಚರ್ ಫೋನ್ ಮಾಡಿ, ಟಿವಿಯ ಪ್ಯಾನೆಲ್ (ಪರದೆ) ಹೋಗಿದೆ, ಹಿಂದಿನ ಬೆಂಚಿನ ಮಕ್ಕಳಿಗೆ ಓದಲಿಕ್ಕೇ ಆಗುವುದಿಲ್ಲ ಎಂದರು. ಹೋಗಿ ನೋಡಿದರೆ ಪ್ಯಾನೆಲ್‌ಗೆ ಏನೂ ಆಗಿಲ್ಲ. ಲ್ಯಾಪ್‌ಟಾಪ್‌ನಿಂದ ಪಾಠ ಬರುತ್ತಿತ್ತು. ‘ರಾಷ್ಟ್ರ’ದ ಕೆಳಗಿನ ಎರಡು ಒತ್ತು ಸೇರಿ ಒಂದು ಕಪ್ಪು ಗಂಟು. ‘ಧನ’ ಎಂದು ಇದ್ದದ್ದನ್ನು ಹುಡುಗನೊಬ್ಬ ‘ದನ’ ಎಂದು ಓದಿದ. ಅವನ ತಪ್ಪು ಏನುಂಟು? ಆ ಧಕಾರದ ಹೊಟ್ಟೆ ಸೀಳೇ ಅಲ್ಲಿ ಕಾಣುತ್ತಿರಲಿಲ್ಲ.

ಕಾರಣ ಹೇಳುತ್ತೇನೆ. ಹಳೆ ಡಬ್ಬ ಟಿವಿಯಲ್ಲಿ ಚಿತ್ರದ ಅಂಚು ನೇರ ಇರುತ್ತಿರಲಿಲ್ಲ. ಹಾಗಾಗಿ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದರು. ಇದಕ್ಕೆ ಓವರ್‌ಸ್ಕ್ಯಾನ್ ಎನ್ನುತ್ತಾರೆ. ಈಗಿನ ಪ್ಯಾನೆಲ್‌ಗೆ ಅದು ಬೇಡವೇ ಬೇಡ, ಆದರೂ ಎಷ್ಟೋ ಟಿವಿಗಳು ಹಾಗೆಯೇ ಮಾಡುತ್ತವೆ. ಲ್ಯಾಪ್‌ಟಾಪ್ ಕಳಿಸುವ ಚಿತ್ರದಲ್ಲಿ 1920 ಅಡ್ಡ, 1080 ಉದ್ದ ಚುಕ್ಕಿ (ಪಿಕ್ಸೆಲ್) ಇರುತ್ತದೆ. ಟಿವಿಯಲ್ಲೂ ಅಷ್ಟೇ ಚುಕ್ಕಿ ಉಂಟು. ಒಂದಕ್ಕೆ ಒಂದು ಕೂತರೆ ಮುಗಿಯಿತು. ಹಿಗ್ಗಿಸಿದಾಗ ಒಂದು ಚುಕ್ಕಿಯ ಕಪ್ಪು ಪಕ್ಕದ ಚುಕ್ಕಿಗೂ ಹಂಚಿಹೋಗುತ್ತದೆ. ಇಂಗ್ಲಿಷ್ ಅಕ್ಷರ ಅದನ್ನು ತಡೆದುಕೊಳ್ಳುತ್ತದೆ. ನಮ್ಮ ಪ–ಫ, ದ–ಧ, ಬ–ಭ ನಡುವಿನ ವ್ಯತ್ಯಾಸ ಒಂದು ಸಣ್ಣ ಗೀಟು ಅಲ್ವಾ? ಮೊದಲು ಕರಗುವುದು ಅದೇ.

ಎರಡನೆಯದು ಶಾರ್ಪ್‌ನೆಸ್. ಅದನ್ನು ಜಾಸ್ತಿ ಮಾಡಿದರೆ ಅಕ್ಷರ ಸ್ಪಷ್ಟವಾಗುತ್ತದೆ ಎಂದು ಎಲ್ಲರೂ ಮೇಲಕ್ಕೆ ಏರಿಸುತ್ತಾರೆ. ನಿಜವಾಗಿ ಟಿವಿ ಮಾಡುವುದು ಕಪ್ಪು–ಬಿಳಿ ಸೇರುವ ಕಡೆ ಆ ವ್ಯತ್ಯಾಸವನ್ನು ಉಬ್ಬಿಸುವ ಕೆಲಸ. ಅಕ್ಷರದ ಸುತ್ತ ಬಿಳಿ ಗೆರೆ ಏಳುತ್ತದೆ, ಒತ್ತಿನ ಒಳಗಿನ ಜಾಗ ಹಾಳಾಗುತ್ತದೆ. ಇದರ ಮೇಲೆ ಬಣ್ಣದ ತೊಂದರೆ. ನಮ್ಮ ಕಣ್ಣು ಬೆಳಕನ್ನು ಹಿಡಿದಷ್ಟು ಸೂಕ್ಷ್ಮವಾಗಿ ಬಣ್ಣವನ್ನು ಹಿಡಿಯುವುದಿಲ್ಲ. ಆದ್ದರಿಂದ ಟಿವಿ ಪ್ರಸಾರದಲ್ಲಿ ನಾಲ್ಕು ಚುಕ್ಕಿಗೆ ಸೇರಿ ಒಂದೇ ಬಣ್ಣದ ಮಾಹಿತಿ ಕಳಿಸುತ್ತಾರೆ. ಸಿನಿಮಾಕ್ಕೆ ಅಷ್ಟು ಸಾಕು. ಲ್ಯಾಪ್‌ಟಾಪ್‌ನಿಂದ ಪೂರ್ತಿ ಬಣ್ಣ ಬಂದರೂ ಕೆಲವು ಟಿವಿಗಳು ಹೀಗೇ ಕತ್ತರಿಸುತ್ತವೆ. ನೀಲಿ ಹಿನ್ನೆಲೆಯಲ್ಲಿ ಕೆಂಪು ಅಕ್ಷರ ಹಾಕಿದ ಪಾಠ ಆಗ ಬರೀ ಕಲೆ.

ಆ ಶಾಲೆಯಲ್ಲಿ ನಾನು ಮುಟ್ಟಿದ್ದು ರಿಮೋಟ್ ಮಾತ್ರ. ಚಿತ್ರ ಹಿಗ್ಗದ ಹಾಗೆ ಸ್ಕ್ರೀನ್ ಫಿಟ್ ಹಾಕಿದೆ. ಕೆಲವು ಕಂಪನಿಯವರು ಅದಕ್ಕೇ ಜಸ್ಟ್ ಸ್ಕ್ಯಾನ್ ಎನ್ನುತ್ತಾರೆ. ಇನ್‌ಪುಟ್‌ನ ಹೆಸರನ್ನು ಪಿಸಿ ಎಂದು ಬದಲಿಸಿದೆ, ಬಣ್ಣ ಪೂರ್ತಿ ಬಂತು. ಶಾರ್ಪ್‌ನೆಸ್ ಇಳಿಸುತ್ತಾ ಬಂದು ಬಿಳಿ ಗೆರೆ ಹೋದ ಕಡೆ ನಿಲ್ಲಿಸಿದೆ. ಅದೇ ಹುಡುಗ ಅದೇ ಬೆಂಚಿನಲ್ಲಿ ಕೂತು ಇಡೀ ಪುಟ ಓದಿದ.

ಟಿವಿಯೊಳಗಿನ ಈ ಕೆಲಸವೆಲ್ಲ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಹಳೆ ಕಾರ್ಯಕ್ರಮದ ಚಿತ್ರದಲ್ಲಿ ಇರುವುದು 720 ಅಡ್ಡ, 576 ಉದ್ದ ಚುಕ್ಕಿ. ಅದನ್ನು 3840 ಅಡ್ಡ, 2160 ಉದ್ದ ಚುಕ್ಕಿಯ 4ಕೆ ಪರದೆಯ ತುಂಬ ತೋರಿಸಬೇಕಾದರೆ 20 ಚುಕ್ಕಿಯಲ್ಲಿ 19ನ್ನು ಟಿವಿಯೇ ಲೆಕ್ಕ ಹಾಕಿ ತುಂಬಬೇಕು. ಒಳ್ಳೆಯ ಚಿಪ್ ಇದ್ದರೆ ಅದು ಎಷ್ಟು ಚಂದ ಬರುತ್ತದೆ ಎಂದರೆ ನನಗೆ ಇಂದಿಗೂ ಆಶ್ಚರ್ಯ. ಆದರೆ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಟಿವಿಗೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಯಕ್ಷಗಾನದ ಮೊಬೈಲ್ ವಿಡಿಯೋ ಹಾಕಿ ನೋಡಿ. ಅದರಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ. ನಡುವೆ ಇಲ್ಲದ ಚಿತ್ರಗಳನ್ನು ಮೋಶನ್ ಸೆಟ್ಟಿಂಗ್ ತಾನೇ ಊಹಿಸಿ ಸೇರಿಸುತ್ತದೆ. ಪುಂಡುವೇಷದವನು ಹಾರಿ ಸುತ್ತುತ್ತಾ ದಿಗಿಣ ತೆಗೆಯುವಾಗ ಊಹೆ ತಪ್ಪಿ, ಗೆಜ್ಜೆ ಕಟ್ಟಿದ ಕಾಲು ಹರಿದ ಹಾಗೆ ಕಾಣುತ್ತದೆ. ಅದನ್ನು ಆಫ್ ಮಾಡಿದರೆ ಆಯಿತು.

ಮನೆಯ ಮಾತು ಹಾಗಿರಲಿ. ಶಾಲೆಯ ವಿಷಯದಲ್ಲಿ ನನಗೆ ಸಂಕಟ ಜಾಸ್ತಿ. ನಮ್ಮ ಮಕ್ಕಳಿಗೆ ಬಸ್ಸಿನ ಬೋರ್ಡಿನಲ್ಲಿ, ಕಚೇರಿಯ ಗೋಡೆಯಲ್ಲಿ ಕನ್ನಡ ಸಿಗುವುದು ಕಡಿಮೆ. ಅಕ್ಷರ ಕಣ್ಣಿಗೆ ಬೀಳುವುದು ಹೆಚ್ಚಾಗಿ ತರಗತಿಯಲ್ಲಿ. ಅಲ್ಲಿಯೂ ಮಸುಕಾದರೆ ಅವರು ಎಲ್ಲಿ ನೋಡಿ ಕಲಿಯಬೇಕು?

ಶಾಲೆಗೆ ಟಿವಿ ಕೊಡಿಸುವವರು ಅಂಗಡಿಯಲ್ಲಿ ಗಿಳಿ, ಜಲಪಾತದ ವಿಡಿಯೋ ನೋಡಿ ಸುಮ್ನೆ ಒಪ್ಪಬೇಡಿ. ಲ್ಯಾಪ್‌ಟಾಪ್ ಕೊಂಡುಹೋಗಿ ಪಾಠಪುಸ್ತಕದ ಒಂದು ಪುಟ ತೆರೆಯಿರಿ. ತರಗತಿಯ ಕೊನೆಯ ಬೆಂಚಿನಷ್ಟು ದೂರ ನಿಂತು ‘ವಸ್ತ್ರ’, ‘ಲಕ್ಷ್ಮಿ’, ‘ಧನ’ ಓದಿ. ಟಿವಿ ಕೂರಿಸಲು ಬಂದ ಹುಡುಗರಿಗೂ ಇದನ್ನೇ ಮಾಡಿಸಿ, ಓದಿದ ಮೇಲೆ ಸಹಿ ಹಾಕಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಿನ ಯಾವ ಕನ್ನಡ ಶಾಲೆಯವರು ಕರೆದರೂ ನಾನು ಬಂದು ಸೆಟ್ಟಿಂಗ್ ಮಾಡಿಕೊಡುತ್ತೇನೆ. ದುಡ್ಡು ಬೇಡ.

– ಒಬ್ಬ ಟಿವಿ ಮೆಕ್ಯಾನಿಕ್, ಬದಿಯಡ್ಕ